ಟಯರಿನ ಹೊಟ್ಟೆ ತಟ್ಟುವ ಹುಕ್ರಪ್ಪ

ಇನ್ನೂ ಬೆಳಕು ಹರಿದಿಲ್ಲ. ಬಂಟ್ವಾಳ ಪೇಟೆಯಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಹುಕ್ರಪ್ಪ ಲಾಟೀನನ್ನು ನೆಲಕ್ಕಿಟ್ಟು, ಮೂಡಬಿದಿರೆ ಬಸ್ಸಿನ ಟಯರುಗಳನ್ನು ಮರದ ಕೊಡತಿಯಿಂದ ಒಂದೊಂದಾಗಿ ತಟ್ಟುತ್ತಾನೆ. ಮುಂದಿನವು ಠಣ್ಣೆನ್ನುತ್ತವೆ. ಹಿಂದಿನವು ಬೊದ್ ಎನ್ನುತ್ತವೆ.

"ಗಾಳಿ ಬಿಟ್ಟದ್ದು ಯಾರು?"

"ನಾನೇ ಮಾರಾಯ," ಎನ್ನುತ್ತಾನೆ ಡ್ರೈವರ್ ರುಕ್ಮಯ್ಯ. "ಮಗಳು ವಾರಿಜಾಕ್ಷಿ ಒಳಗೆ ಕೂತಿದ್ದಾಳೆ. ಏಳು ತಿಂಗಳು. ಕುಲುಕಬಾರದಲ್ಲ?"

ಮಣ್ಣುರಸ್ತೆಯ ಕಾಲದಿಂದ ಈ ಕಡೆಯ ಡ್ರೈವರುಗಳ ರೂಢಿ ಅದು. ಬಸುರಿಯೋ ಬಾಣಂತಿಯೋ ಹತ್ತಿದರೆ ಹಿಂದಿನ ಟಯರಿನ ಗಾಳಿ ತುಸು ಇಳಿಸುವುದು. ಮೆತ್ತಗಿನ ಟಯರು ಕಲ್ಲನ್ನು ನುಂಗಿಕೊಳ್ಳುತ್ತದೆ. ಆಗ ಬಸ್ಸು ಓಡುತ್ತಿದ್ದದ್ದು ಎತ್ತಿನಗಾಡಿಗಿಂತ ತುಸು ಮುಂದೆ, ಅಷ್ಟೇ. ಈಗ ಡಾಮರು ಬಿದ್ದಿದೆ. ದಾರಿಯಲ್ಲಿನ ಸಿದ್ಧಕಟ್ಟೆಯನ್ನು ಮೊದಲು ಮುಟ್ಟಿದ ಬಸ್ಸಿಗೇ ಜನ. ವೇಗ ಬದಲಾಯಿತು, ರೂಢಿ ಬದಲಾಗಲಿಲ್ಲ.

ನಾರಾವಿಯವನಾದ ಹುಕ್ರಪ್ಪ ಮೊದಲು ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ. ಗಾಡಿಗಳು ಕಡಿಮೆಯಾದಾಗ ಪಂಕ್ಚರು ಹಾಕಲು ಕಲಿತ. ದಿನಕ್ಕೆ ಹತ್ತು ಹನ್ನೆರಡು ವಾಹನ. ಎಲ್ಲಕ್ಕೂ ಕೈಪಂಪೇ ಗತಿ. ಬಿಸಿ ರಬ್ಬರಿಗೆ ಬೆರಳ ತುದಿಗಳು ಬೆಂದು ನುಣುಪಾಗಿವೆ. ಹೆಂಡತಿ ರಾಜೀವಿ ಬಡಿಸಿದ ಗಂಜಿ ಎಷ್ಟು ಬಿಸಿಯೆಂದು ನಾಲಿಗೆಯೇ ಹೇಳಬೇಕು.

ಹೋದ ವರ್ಷ ಗಾಳಿ ಕಡಿಮೆಯಿದ್ದ ಟಯರು ಒಡೆದು ಗದ್ದೆಗೆ ಬಿದ್ದ ಲಾರಿಯ ಚಕ್ರ ಬಿಚ್ಚಿದವನೂ ಅವನೇ. ಒಳಗಿನ ನೂಲೆಲ್ಲ ಕರಿದ ಹಪ್ಪಳದಂತೆ ಪುಡಿಯಾಗಿತ್ತು.

"ಮೆತ್ತಗಿದ್ರೆ ಸುತ್ತು ಸುತ್ತಿಗೂ ಅದರ ಹೊಟ್ಟೆ ಬಗ್ಗಿ ಏಳ್ತದೆ," ಎಂದು ರುಕ್ಮಯ್ಯನಿಗೆ ಹೇಳುತ್ತಾನೆ. "ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ನೋಡಿ. ಬಿಸಿಯಾಗ್ತದೆ, ಮತ್ತೆ ತುಂಡಾಗ್ತದೆ. ಜೋರು ಓಡಿದ್ರೆ ಟಯರಿಗೆ ತಣಿಲಿಕ್ಕೆ ಪುರುಸೊತ್ತು ಎಲ್ಲುಂಟು?"

ಅಷ್ಟರಲ್ಲಿ ಪಕ್ಕದ ಬಸ್ಸು ಹೊರಡುತ್ತದೆ. ಅದರ ಕಂಡಕ್ಟರ್ ಸುಧಾಕರ ಮೆಟ್ಟಿಲ ಮೇಲಿಂದಲೇ ಕೂಗುತ್ತಾನೆ: "ಎಂಥದು ರುಕ್ಮಯ್ಯಣ್ಣ, ಬಸ್ಸಿಗೂ ಬಸುರಾ?"

ರುಕ್ಮಯ್ಯನ ಮುಖ ಕೆಂಪಾಗುತ್ತದೆ. "ಆಚೆ ಸರಿ ಹುಕ್ರಪ್ಪ, ದಾರಿ ಬಿಡು!"

ಹುಕ್ರಪ್ಪ ಚಕ್ರದ ಮುಂದಿನಿಂದ ಏಳುವುದಿಲ್ಲ. "ಗಾಳಿ ಕಡಿಮೆ ಬೇಕಾದ್ರೆ ಮೆಲ್ಲ ಹೋಗಿ. ಜೋರು ಹೋಗುವುದಾದ್ರೆ ನಾನು ಗಾಳಿ ಹಾಕ್ತೇನೆ. ಎರಡೂ ಒಟ್ಟಿಗೆ ಆಗ್ಲಿಕ್ಕಿಲ್ಲ."

"ಕೂತದ್ದು ನನ್ನ ಮಗಳು!"

"ಅದಕ್ಕೇ ಹೇಳುವುದು."

ರುಕ್ಮಯ್ಯ ಒಮ್ಮೆ ಸುಧಾಕರನ ಬಸ್ಸೆಬ್ಬಿಸಿದ ಧೂಳನ್ನು ನೋಡುತ್ತಾನೆ, ಒಮ್ಮೆ ಕಿಟಕಿಯಲ್ಲಿ ತೂಕಡಿಸುತ್ತಿರುವ ಮಗಳನ್ನು. ಆಮೇಲೆ ಅಂಗಿಯ ತೋಳು ಮಡಚಿ ತಾನೇ ಪಂಪು ಹಿಡಿಯುತ್ತಾನೆ. ಹುಕ್ರಪ್ಪ ಪಂಪಿನ ನಳಿಗೆಯನ್ನು ಟಯರಿಗೆ ಹಿಡಿದು ಕೂರುತ್ತಾನೆ. ಬಸ್ಸು ಹೊರಡುವಾಗ ಸೂರ್ಯ ಏರಿರುತ್ತಾನೆ. ಕಾದು ಬೇಸತ್ತ ಪ್ರಯಾಣಿಕರು ಇಬ್ಬರನ್ನೂ ಸೇರಿಸಿಯೇ ಬೈಯುತ್ತಾರೆ.

ಸಂಜೆ ಅದೇ ಬಸ್ಸು ಮರಳುತ್ತದೆ. ರುಕ್ಮಯ್ಯ ಇಳಿದು ಬೀಡಿ ಹಚ್ಚುತ್ತಾನೆ.

"ಗಟ್ಟಿ ಟಯರು ಎತ್ತಿ ಎತ್ತಿ ಹಾಕಿತು, ಹುಕ್ರಪ್ಪ. ಸೊಂಟ ನೋವಂತೆ. ಮನೆಯಲ್ಲಿ ಚಾಪೆ ಮೇಲೆ ಮಲಗಿ ನಿನಗೆ ಬೈತಾ ಇದ್ದಾಳೆ ನನ್ನ ಮಗಳು."

ಹುಕ್ರಪ್ಪ ಪಂಪಿನ ಧೂಳು ಒರೆಸುತ್ತ ನಗುತ್ತಾನೆ. "ಬೈಯಲಿ ರುಕ್ಮಯ್ಯಣ್ಣ. ಬೈಲಿಕ್ಕೆ ಮನೆ ಮುಟ್ಟಿದ್ದಾಳಲ್ಲ."