ಎದುರುಬದುರು ನಿಂತ ರಾಜರು

ನಮ್ಮ ಚಿಕ್ಕಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೆ ತಮಿಳು ಸೀಮೆಯ ಗಡಿಯಲ್ಲಿರುವ ನಮ್ಮೂರು ತಿಗನಾರೆಯಲ್ಲಿ ಚದುರಂಗದ ಮಣೆ ಹಾಸಿ ಕೂತರೆ ಅವರನ್ನು ಸೋಲಿಸಿದವರನ್ನು ನಾನು ಕಂಡಿರಲಿಲ್ಲ. ಮಕ್ಕಳೆಂದು ಕನಿಕರಪಟ್ಟು ಒಂದು ಕಾಲಾಳನ್ನೂ ಬಿಟ್ಟುಕೊಡದ ಜೀವ ಅದು. ನಾನು ಆಟ ಕಲಿತದ್ದು ಅವರೆದುರು ಕೂತು, ಸೋತು, ಮುನಿಸಿಕೊಂಡು ಕಾಯಿಗಳನ್ನು ಚೆಲ್ಲಿ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಸತ್ಯಮಂಗಲದ ಕಾಲೇಜಿನಲ್ಲಿ ಮೊದಲ ಸಲ ಪಂದ್ಯಕ್ಕೆ ಹೆಸರು ಕೊಟ್ಟು, ಲೈಬ್ರರಿಯಿಂದ ಪಳಗಿದ ಆಟಗಾರರ ಆಟಗಳಿದ್ದ ಒಂದು ತಮಿಳು ಪುಸ್ತಕ ತಂದೆ. ಅದರ ಮೊದಲ ಪುಟಗಳು ಹರಿದುಹೋಗಿದ್ದವು. ದೊಡ್ಡವರು ಆಟವನ್ನು ಹೇಗೆ ಶುರುಮಾಡುತ್ತಾರೆಂದು ಕಲಿಯುವ ಆಸೆ ನನಗೆ. ರಜೆಗೆ ಊರಿಗೆ ಬಂದವಳು ದಿನವೂ ಊಟವಾದ ಮೇಲೆ ನಡೆಗಳನ್ನು ಓದುತ್ತಿದ್ದೆ. ಹೊಲದಿಂದ ಬಂದ ಚಿಕ್ಕಪ್ಪ ಜಗಲಿಯ ಮೇಲೆ ಕಾಯಿ ನಡೆಸುತ್ತಿದ್ದರು.

ಮೊದಲ ನಡೆಯಲ್ಲೇ ಕಾಲಾಳು ಎರಡು ಮನೆ ದಾಟಿತು. ನಮ್ಮೂರಲ್ಲಿ ಒಂದೇ ಮನೆ. "ಇವ್ರ ಕಾಲಾಳು ಅವಸರದೋನು ಕಣವ್ವ," ಎಂದು ನಕ್ಕು ಮುಂದೆ ಸಾಗಿದರು. ಆದರೆ ಸ್ವಲ್ಪ ಹೊತ್ತಿಗೆ ಆಟ ನಿಂತುಹೋಯಿತು. ಪುಸ್ತಕ ಹೇಳಿದ ಮನೆಗೆ ಕಪ್ಪು ಮಂತ್ರಿ ಹೋಗಲು ದಾರಿಯೇ ಇರಲಿಲ್ಲ. ಇನ್ನೊಂದು ಆಟ ತೆಗೆದೆವು, ಅದೂ ಹಾಗೇ. ನನಗೆ ರೇಗಿಹೋಯಿತು. ಅಚ್ಚು ಹಾಕಿದವರಿಗೆ ಬುದ್ಧಿಯಿಲ್ಲ ಎಂದು ಪುಸ್ತಕವನ್ನು ಮೂಲೆಗೆ ಎಸೆದೆ.

ಚಿಕ್ಕಪ್ಪ ಎದ್ದುಹೋಗಿ ಅದನ್ನು ತಂದು, ಧೂಳು ಒರೆಸಿ, ಮತ್ತೆ ಓದು ಎಂದರು. ಮೂರು ದಿನ ಓದಿಸಿದರು. ಮೂರನೆಯ ದಿನ ಕಪ್ಪು ಸಾಲಿನ ಮೇಲೆ ಬೆರಳಿಟ್ಟರು.

"ಎಲ್ಲಾ ಆಟ್ದಲ್ಲೂ ಬಿಳಿಗೆ ತೊಡಕಿಲ್ಲ, ಕಪ್ಪಿಗೇ ತೊಡಕು. ಪುಸ್ತಕ ತಪ್ಪಾಗಿದ್ರೆ ಎರಡೂ ಕಡೆ ತಪ್ಪಬೇಕಿತ್ತು. ನಾವೇ ಕಪ್ಪನ್ನ ತಪ್ಪಾಗಿ ನಿಲ್ಲಿಸ್ಬುಟ್ಟಿದ್ದೀವಿ."

ನಮ್ಮ ಕಡೆ ರಾಜನ ಎದುರಿಗೆ ಮಂತ್ರಿ ನಿಲ್ಲಬೇಕು. ಅದು ತಾತಂದಿರ ಕಾಲದ ಪದ್ಧತಿ. ಚಿಕ್ಕಪ್ಪ ಕಪ್ಪು ರಾಜನನ್ನೂ ಮಂತ್ರಿಯನ್ನೂ ಅದಲುಬದಲು ಮಾಡಿದರು. ರಾಜರು ಎದುರುಬದುರಾದರು, ಆಟ ಕೊನೆಯವರೆಗೂ ಸಲೀಸಾಗಿ ನಡೆಯಿತು. ಅಕ್ಷರ ಬಾರದ ನಮ್ಮ ಚಿಕ್ಕಪ್ಪ ಹರಿದ ಪುಟದಲ್ಲಿದ್ದುದನ್ನು ಓದಿಬಿಟ್ಟಿದ್ದರು.

ಮರುಗಳಿಗೆಯೇ ನನಗೆ ಇನ್ನೊಂದು ಹೊಳೆಯಿತು. ನಾನು ಕಲಿತದ್ದೆಲ್ಲ ತಪ್ಪಾಗಿ ಜೋಡಿಸಿದ ಮಣೆಯ ಮೇಲೆ. ಪಂದ್ಯಕ್ಕೆ ಹೋಗುವುದಿಲ್ಲ, ಹೆಸರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ.

"ಇನ್ನೂ ಇಪ್ಪತ್ತು ದಿನ ಅದೆ. ಕೂತ್ಕೊ," ಎಂದರು ಚಿಕ್ಕಪ್ಪ.

ಅಂದಿನಿಂದ ನನಗೆ ರೂಢಿಯಾಗಲೆಂದು ಅವರು ಎಲ್ಲರೆದುರೂ ಹೊಸ ಕ್ರಮದಲ್ಲೇ ಆಡಿದರು. ಪಕ್ಕದ ಮನೆಯವರು ಸುಮ್ಮನಿರುತ್ತಾರೆಯೇ? "ಏನ್ಲಾ, ಇಷ್ಟ್ ವರ್ಸ ನೀನಾಡಿದ್ದು ಸುಳ್ಳಾ?" ಎಂದು ಕಾಲೆಳೆದರು. "ಊಂ ಕಣ್ಲಾ, ಈಗ ಗೊತ್ತಾಯ್ತು," ಎಂದು ಚಿಕ್ಕಪ್ಪ ಒಪ್ಪಿಕೊಂಡೇಬಿಟ್ಟರು. ನಾನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.

ಪಂದ್ಯದ ಹಿಂದಿನ ದಿನ, ಪುಸ್ತಕದಿಂದ ಕಲಿತ ಮೊದಲ ನಡೆಗಳನ್ನೇ ಇಟ್ಟು ನಾನು ಚಿಕ್ಕಪ್ಪನ ರಾಜನನ್ನು ಕಟ್ಟಿಹಾಕಿದೆ. ಜಗಲಿಯಲ್ಲಿ ಐದಾರು ಜನ ಇದ್ದರು. ಬೇಕೆಂದೇ ಸೋತರೇನೋ ಎಂದು ಮುಖ ನೋಡಿದೆ. ಹಣೆಯ ತುಂಬ ಬೆವರು. ಅವರು ಒಂದೊಂದೇ ಕಾಯಿಯನ್ನು ಮತ್ತೆ ಅದರ ಮನೆಯಲ್ಲಿಟ್ಟರು.

"ನಾಳೆ ಧೈರ್ಯವಾಗಿ ಓಗ್ಬಾ," ಎಂದರು. "ಅದಕ್ಕೂ ಮುಂಚೆ, ನಾನು ಎಲ್ಲಿ ತಪ್ದೆ, ಯೋಳ್ಕೊಡವ್ವ."