ಸಾಹುಕಾರರ ಭಾರ

ದೇವದುರ್ಗದ ಕಡೆ ಕೃಷ್ಣೆ ದಾಟಲು ಪುಟ್ಟ ಮೋಟಾರು ದೋಣಿ ಸಿಕ್ಕಿತು. ವೇಗ ಹೆಚ್ಚಿದೊಡನೆ ಅದರ ಮೂತಿ ಎದ್ದೆದ್ದು ನೀರಿಗೆ ಬಡಿಯತೊಡಗಿತು. ನನ್ನ ಜೊತೆಗಿದ್ದ ಮಾನ್ವಿಯ ಅಕ್ಕಿ ವ್ಯಾಪಾರಿ, ದಢೂತಿ ಖಾದರ್‌ಸಾಬರು ಹೆದರಿ ಹಿಂದಕ್ಕೆ ಸರಿದು ಇಂಜಿನ್ನಿಗೇ ಅಂಟಿ ಕೂತರು. ಕುಣಿತ ಇನ್ನೂ ಹೆಚ್ಚಾಯಿತು.

“ಹಿಂದ ಭಾರ ಆದಷ್ಟೂ ಕುಣಿತದರಿ ಸಾಹುಕಾರ್ರ! ಮುಂದ ಹೋಗಿ ಕುಂದರ್ರಿ,” ಎಂದ ದೋಣಿಯವ.

“ಯಾ ಅಲ್ಲಾ” ಎನ್ನುತ್ತ ಅವರು ಅಂಬೆಗಾಲಿಟ್ಟು ಮುಂದೆ ಹೋದರು. ದೋಣಿ ತಟ್ಟನೆ ತೆಪ್ಪಗಾಗಿ, ಇಸ್ತ್ರಿಪೆಟ್ಟಿಗೆಯಂತೆ ನೀರಿನ ಮೇಲೆ ಜಾರಿತು. ಸಾಬರ ಮುಖದಲ್ಲಿ ಇಂಜಿನಿಯರನ ಕಳೆ.

ಸಂಜೆ ಮಾನ್ವಿ ಬಸ್ಸಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಪುಟಿಯುತ್ತಿದ್ದೆವು. ಸಾಬರು ಗಂಭೀರವಾಗಿ ಎದ್ದುಹೋಗಿ, ಡ್ರೈವರನ ಪಕ್ಕದ ಕಾದ ಬಾನೆಟ್ ಮೇಲೆ ಕೂತರು. ಬಸ್ಸು ಕುಣಿಯುತ್ತಲೇ ಇತ್ತು. ಅವರು ತಿರುಗಿ ಕೂಗಿದರು: “ನನ್ನೊಬ್ಬನ ಭಾರ ಸಾಲವಲ್ದು, ನೀವೂ ಬರ್ರಿ!”