ಬೆನ್ನು ಮುಂದಾಗಿ ಬಂದ ಎಕ್ಸ್‌ಪ್ರೆಸ್

ಸೋಮವಾರ, ಬೆಳಗ್ಗೆ ಆರು ನಲವತ್ತೆಂಟು. ನಾನು ನಿಂತಿದ್ದದ್ದು ಕಬಿನಿ ಹಿನ್ನೀರಿನ ಈಚೆ ದಡದಲ್ಲಿ, ಹಳೆಯ ರಸ್ತೆ ನೀರಿಗಿಳಿದು ಮರೆಯಾಗುವ ಜಾಗದಿಂದ ಎಡಕ್ಕೆ ಹನ್ನೊಂದು ಹೆಜ್ಜೆ ದೂರದ ಹೊಂಗೆ ಮರದ ಕೆಳಗೆ. ಬಲಗೈಯಲ್ಲಿ ಹಾಲು ಪರೀಕ್ಷಿಸುವ ಗಾಜಿನ ಲ್ಯಾಕ್ಟೋಮೀಟರ್, ಎಡಗೈಯಲ್ಲಿ ಗಡಿಯಾರ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಆವತ್ತು ಕಂಡದ್ದನ್ನು ಹೇಳಿದಾಗಲೆಲ್ಲ ಜನ ಮೊದಲು ನಗುತ್ತಾರೆ, ಆಮೇಲೆ ನಾನು ಎಲ್ಲಿ ನಿಂತಿದ್ದೆ ಎಂದು ಕೇಳುತ್ತಾರೆ. ಎರಡನೆಯದನ್ನು ಈ ಸಲ ಮೊದಲೇ ಮುಗಿಸಿದ್ದೇನೆ. ನಗುವುದು ನಿಮಗೆ ಬಿಟ್ಟದ್ದು.

ಇದೆಲ್ಲ ಮತ್ತೆ ನೆನಪಾದದ್ದು ಕಳೆದ ವಾರ, ಹುಣಸೂರಿನಲ್ಲಿ. ನಮ್ಮ ತಳ್ಳುಗಾಡಿಯ ಅಚ್ಚಿಗೆ ಬೆಸುಗೆ ಹಾಕಿಸಲು ಟ್ರೈಲರ್ ಕಟ್ಟುವ ಒಂದು ಶೆಡ್ಡಿಗೆ ಹೋಗಿದ್ದೆ. ಸುಟ್ಟ ಕಬ್ಬಿಣದ ವಾಸನೆ, ಹಸಿ ಬಣ್ಣದ ವಾಸನೆ. ಶೆಡ್ಡಿನ ಲೋಕೇಶ ಬಾಗಿಲು ಗಾಳಿಗೆ ಬಡಿಯದಂತೆ ಮೂರು ರೆಕ್ಕೆಯ ಕಬ್ಬಿಣದ ತುಂಡೊಂದನ್ನು ಒತ್ತಾಗಿ ಇಟ್ಟಿದ್ದ.

“ಯಾವ್ ಫ್ಯಾನಿಂದೋ ಗೊತ್ತಿಲ್ಲ ಸಾ. ಗುಜ್ರಿಗೆ ಮಾತ್ರ ಹಾಕ್ಬ್ಯಾಡ ಅಂದಿದ್ರು ನಮ್ಮಪ್ಪ” ಎಂದ.

ನನಗೆ ಗೊತ್ತಿತ್ತು. ಅಲ್ಲೇ ಬಿದ್ದಿದ್ದ ಟೈರೊಂದರ ಮೇಲೆ ಕೂತೆ.

ಆಗ ನಾನು ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದು ನನ್ನ ಕೆಲಸ. ನನ್ನನ್ನು ನಿಲ್ಲಿಸಿದ್ದದ್ದೋ ನೀರಿನ ಪಕ್ಕದಲ್ಲೇ. ಆಚೆ ದಡದ ಊರುಗಳಿಂದ ಹಾಲು ಬರುತ್ತಿದ್ದದ್ದು ಹುಟ್ಟು ಹಾಕುವ ದೋಣಿಯಲ್ಲಿ. ಗಾಳಿ ಸರಿಯಿದ್ದರೆ ಮುಕ್ಕಾಲು ಗಂಟೆ, ಎದುರು ಗಾಳಿಯಾದರೆ ಹೇಳುವಂತಿಲ್ಲ. ವ್ಯಾನು ಏಳಕ್ಕೆ ಹೊರಟುಬಿಡುತ್ತಿತ್ತು. ತಪ್ಪಿದ ದಿನ ಕ್ಯಾನುಗಳು ತುಂಬಿಕೊಂಡೇ ವಾಪಸು ಹೋಗುತ್ತಿದ್ದವು. ಕೊನೆಗೆ ಆಫೀಸಿನವರು ಒಂದು ಮಾತು ಕಳಿಸಿದರು: ಬರುವ ಸೋಮವಾರ ಏಳರೊಳಗೆ ಹಾಲು ದಡದಲ್ಲಿದ್ದರೆ ಸರಿ, ಇಲ್ಲದಿದ್ದರೆ ಅಲ್ಲಿಗೆ ಇನ್ನು ವ್ಯಾನೇ ಬರುವುದಿಲ್ಲ.

ಆಚೆ ದಡದ ಹೆಂಗಸರನ್ನೆಲ್ಲ ಒಂದುಗೂಡಿಸಿ ಹಸು ಕೊಳ್ಳಿಸಿದವರು ಜಯಮ್ಮ. ವ್ಯಾನು ನಿಂತರೆ ಅಷ್ಟೂ ಮನೆಯವರಿಗೆ ಮುಖ ತೋರಿಸಬೇಕಾದವರೂ ಅವರೇ. ಆ ಮಾತು ಬರುವುದಕ್ಕೂ ಮುಂಚೆಯೇ ಅವರು ಹುಣಸೂರಿಗೆ ಹೋಗಿ ಲೋಕೇಶನ ತಂದೆ ಪುಟ್ಟಾಚಾರಿಯವರ ಮುಂದೆ ಕೂತಿದ್ದರು.

“ದೋಣಿ ಕಟ್ಟೋರ್ತಾವ ಓಗವ್ವ. ನಾನು ಗಾಡಿ ಕಟ್ಟೋನು.”

“ಗಾಡೀನೇ ಕಟ್ಕೊಡಿ ಆಚಾರ್ರೇ. ಚಕ್ರ ಬ್ಯಾಡ.”

ಆಚಾರಿ ಹಾಗೇ ಕಟ್ಟಿದರು. ತಗಡು, ಕಬ್ಬಿಣದ ಆಂಗಲ್ಲು, ಮೂವತ್ತು ಜನ ಕೂರುವ ಬೆಂಚು, ನೀರೆತ್ತುವ ಡೀಸೆಲ್ ಎಂಜಿನ್ನು. ಚೂಪಾದ ಮೂತಿಗೆ ‘ಎಕ್ಸ್‌ಪ್ರೆಸ್’ ಎಂದು ಬರೆಸಿದರು. ಹಿಂಭಾಗಕ್ಕೆ ಕೆಂಪು ರಿಫ್ಲೆಕ್ಟರ್ ಎರಡು. ಅದೇಕೆ ಎಂದು ಕೇಳಿದ್ದಕ್ಕೆ, “ಹಿಂದ್ಲಿಂದ ಯಾರಾದ್ರೂ ಗುದ್ದುದ್ರೆ?” ಎಂದರು. ಆ ನೀರಿನಲ್ಲಿ ಹಿಂದಿನಿಂದ ಬರುವಂಥದ್ದು ಆನೆ ಮಾತ್ರ. ದಡ ಹತ್ತಿರವಾದಾಗ ದೋಣಿಯನ್ನು ನೂಕುವ ನೀರಿನ ಫ್ಯಾನನ್ನು ಹಗ್ಗದಿಂದ ಮೇಲೆತ್ತುವ ಏರ್ಪಾಡನ್ನೂ ಮಾಡಿದ್ದರು, ಹೊಲದ ಬದು ಬಂದಾಗ ನೇಗಿಲು ಎತ್ತುವಂತೆ. ಆ ಫ್ಯಾನನ್ನು ಮಾತ್ರ ಕೇರಳದಿಂದ ಲಾರಿಯವರೊಬ್ಬರ ಕೈಲಿ ತರಿಸಿದ್ದರು.

ಭಾನುವಾರ ದೋಣಿಯನ್ನು ಟ್ರೈಲರಿನಲ್ಲಿ ಸುತ್ತು ದಾರಿಯಿಂದ ಆಚೆ ದಡಕ್ಕೆ ಸಾಗಿಸಿ, ನೀರಿಗಿಳಿಸಿ, ಹಿಂಭಾಗ ದಡಕ್ಕೆ ಒತ್ತಿರುವಂತೆ ಮರಕ್ಕೆ ಕಟ್ಟಿ ಎಂಜಿನ್ ಚಾಲೂ ಮಾಡಿದರು. ನೀರು ಕಡೆದು ನೊರೆಯಾಯಿತು, ದೋಣಿ ಕದಲಲಿಲ್ಲ. “ಹಗ್ಗ ಹಿಡಿದದೆ, ಇಲ್ದಿದ್ರೆ ಇಷ್ಟೊತ್ಗೆ ಆಚೆ ದಡ” ಎಂದರಂತೆ ಆಚಾರಿ. ಇದು ನಾನು ಕಂಡದ್ದಲ್ಲ. ದೋಣಿ ನಡೆಸುವ ನಂಜಯ್ಯ ಹೇಳಿದ್ದು. ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸುವುದು ಹಾಲಿಗೆ ನೀರು ಬೆರೆಸಿದಂತೆ ಎಂದುಕೊಳ್ಳುವುದು ನನ್ನ ಹಳೆಯ ಕಾಯಿಲೆ.

ಸೋಮವಾರ ಆರೂವರೆಗೆ ಹಾಲಿನ ಕ್ಯಾನುಗಳನ್ನೂ ಹೆಂಗಸರನ್ನೂ ಹತ್ತಿಸಿಕೊಂಡು ಹಗ್ಗ ಬಿಚ್ಚಿ, ಗಳ ಊರಿ ದೋಣಿಯನ್ನು ನೀರಿಗೆ ನೂಕಿ, ಎಂಜಿನ್ ಚಾಲೂ ಮಾಡಿದ್ದಾರೆ. ಎಕ್ಸ್‌ಪ್ರೆಸ್ಸು ಹಿಂದಕ್ಕೆ ಬಂದು ದಡ ಹತ್ತಿದೆ. ಮತ್ತೆ ನೂಕಿದ್ದಾರೆ, ಮತ್ತೆ ದಡ ಹತ್ತಿದೆ. ಆ ಫ್ಯಾನು ಉಲ್ಟಾ ತಿರುಗುವ ಎಂಜಿನ್ನಿಗೆ ಮಾಡಿದ್ದು ಎಂದು ಗೊತ್ತಾದದ್ದು ಆಮೇಲೆ. ಆಚಾರಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ನಂಜಯ್ಯ ಹರಿಗೋಲು ಹುಟ್ಟುಹಾಕಿ ಬೆಳೆದವರು. ದುಂಡಗಿನ ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. “ಅದು ಹಿಂದ್ಕೇ ಓಗಂಗಿದ್ರೆ ನಾವ್ ತಿರುಗುಸ್ಕಳಣ ಬುಡಿ” ಎಂದು ದೋಣಿಯನ್ನು ಗಳದಿಂದ ತಿರುಗಿಸಿ, ತಾವು ಚೂಪು ಮೂತಿಯ ಕಡೆ ಹುಟ್ಟು ಹಿಡಿದು ನಿಂತಿದ್ದಾರೆ.

ಇಲ್ಲಿಂದ ಮುಂದಿನದು ನಾನೇ ಕಂಡದ್ದು. ಆರು ನಲವತ್ತೆಂಟಕ್ಕೆ ಸದ್ದು ಕೇಳಿತು. ಚುಕ್ಕೆಯೊಂದು ದಡ ಬಿಟ್ಟು ಬೆಳೆಯತೊಡಗಿತು. ಏಳಕ್ಕೆ ಸರಿಯಾಗಿ ವ್ಯಾನಿನ ಡ್ರೈವರ್ ಸಿದ್ದರಾಜು, “ಟೈಮಾಯ್ತು ಸಾ, ಹೊಂಟೆ” ಎಂದು ಗಾಡಿ ಚಾಲೂ ಮಾಡಿದ. ಕೆಟ್ಟವನಲ್ಲ, ಟೈಮಿನವನು. ನಾನೂ ಟೈಮಿನವನೇ, ತಡೆಯಲಿಲ್ಲ. ಗೇರು ಹಾಕಿದವನು ಒಮ್ಮೆ ನೀರಿನ ಕಡೆ ನೋಡಿದ.

“ಅದೇನ್ ಸಾ, ಮುಂದ್ಗಡೆ ಡ್ರೈವರೇ ಇಲ್ಲ.”

ನಾನೂ ನೋಡಿದೆ. ಎರಡು ಕೆಂಪು ರಿಫ್ಲೆಕ್ಟರುಗಳು ನಮ್ಮ ಮೇಲೇ ಬರುತ್ತಿದ್ದವು. ಅವುಗಳ ಹಿಂದೆ ಮೂವತ್ತು ಬೆನ್ನುಗಳು, ಸೆರಗುಗಳು, ಜಡೆಗಳು. ಒಂದು ಮುಖವಿಲ್ಲ; ನಂಜಯ್ಯ ಅವರೆಲ್ಲರ ಮರೆಯಲ್ಲಿದ್ದರು. ದೋಣಿ ಕೆಟ್ಟು ತಾನಾಗಿ ಬರುತ್ತಿದೆ, ದಡಕ್ಕೆ ಬಡಿಯುತ್ತದೆ ಎಂದುಕೊಂಡೆ. ಲ್ಯಾಕ್ಟೋಮೀಟರ್ ಕೈಜಾರಿ ಬಿದ್ದು ಒಡೆಯಿತು. ಸಿದ್ದರಾಜು ಎಂಜಿನ್ ಆರಿಸಿ, ಕೆಳಗಿಳಿದು, ನನ್ನ ಪಕ್ಕ ಬಂದು ನಿಂತ.

“ಸಾ, ಅದು ರಿವರ್ಸಲ್ಲಿ ಬತ್ತಾ ಅದೆ” ಎಂದ ಮೆಲ್ಲಗೆ. “ಕೆರೆಯಷ್ಟು ನೀರು ಪೂರ್ತಿ ರಿವರ್ಸು. ನಂಗೆ ನಮ್ಮನೆ ಗಲ್ಲಿಲೇ ಆಗಕಿಲ್ಲ.”

ದಡ ಹತ್ತಿರವಾದಾಗ ಫ್ಯಾನು ನೇಗಿಲಿನಂತೆ ಮೇಲೆದ್ದಿತು. ದೋಣಿ ಕೆಸರಿನ ಮೇಲೆ ಮೆತ್ತಗೆ ಕೂತಿತು. ಏಳು ಗಂಟೆ ಮೂರು ನಿಮಿಷ. ಯಾರೂ ಏಳಲಿಲ್ಲ. ಕೊನೆಯ ಬೆಂಚಿನಲ್ಲಿ ಜಯಮ್ಮ ಕೂತಿದ್ದರು. ಬೆಂಚುಗಳೆಲ್ಲ ಆಚೆ ದಡಕ್ಕೆ ಮುಖ ಮಾಡಿದ್ದರಿಂದ ದಾರಿಯುದ್ದಕ್ಕೂ ಅವರಿಗೆ ನಾವು ಕಂಡಿರಲಿಲ್ಲ. ಕತ್ತು ತಿರುಗಿಸಿದ್ದರೆ ಕಾಣುತ್ತಿತ್ತು. ತಿರುಗಿಸಲಿಲ್ಲ.

“ವ್ಯಾನ್ ಅದಾ?” ಎಂದರು, ನೀರನ್ನೇ ನೋಡುತ್ತ.

ಸಿದ್ದರಾಜು ಹೇಳಿದ: “ಅದೆ, ನಾನೂ ಇವ್ನಿ, ಬಾ ಜಯಕ್ಕ. ನಿನ್ ಮಖ ಎತ್ಲಾಗೆ ಅಂತ ನೋಡ್ತಾ ನಿಂತೆ.”

ಸರಿಯಾದ ಫ್ಯಾನು ಹದಿನೈದು ದಿನದಲ್ಲಿ ಬಂತು. ಆಚಾರಿ ಅದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಂದು, ಎರಡು ದಿನ ದೋಣಿ ನಿಲ್ಲಿಸಬೇಕು ಎಂದರು. “ಹಸ ಎರಡ್ ದಿನ ಕರೀದೆ ಇದ್ದಾದ ಆಚಾರ್ರೇ? ಬಂದಂಗೇ ಬರ್ಲಿ ಬುಡಿ” ಎಂದರು ಜಯಮ್ಮ. ಆಚಾರಿ ಚೀಲ ಬಿಚ್ಚಲಿಲ್ಲ. ಬಣ್ಣದ ಡಬ್ಬಿ ತರಿಸಿ, ರಿಫ್ಲೆಕ್ಟರುಗಳ ನಡುವೆ ಚಪ್ಪಟೆ ತಗಡಿನ ಮೇಲೆ ತಾವೇ ‘ಎಕ್ಸ್‌ಪ್ರೆಸ್’ ಎಂದು ಬರೆದರು. ಅಕ್ಷರ ಸೊಟ್ಟಗಿತ್ತು. ಹಾಗೇ ಆರು ವರ್ಷ ಓಡಿತು, ದಿನವೂ ಏಳಕ್ಕೆ ಕಾಲು ಗಂಟೆ ಮುಂಚೆ ದಡದಲ್ಲಿ. ಮೇಷ್ಟರುಗಳು, ಮದುವೆ ದಿಬ್ಬಣ, ಒಮ್ಮೆ ಕಾಯಿಲೆಯ ಎಮ್ಮೆ, ಎಲ್ಲರೂ ತಾವು ಬಿಟ್ಟುಬಂದ ಊರನ್ನು ನೋಡುತ್ತಲೇ ಹೋಗುವ ಊರು ಸೇರಿದರು. ಆಮೇಲೆ ಆಚೆ ದಡದಲ್ಲೇ ಹಾಲು ತಂಪು ಮಾಡುವ ಟ್ಯಾಂಕು ಬಂತು, ರಸ್ತೆ ಬಂತು. ದೋಣಿ ದಡ ಹತ್ತಿತು, ಅದರ ಉಲ್ಟಾ ಫ್ಯಾನು ಶೆಡ್ಡಿನ ಬಾಗಿಲು ಸೇರಿತು.

ಲೋಕೇಶ ಪೂರ್ತಿ ಕೇಳಿಸಿಕೊಂಡು, “ಅಂಗಾದ್ರೆ ನಮ್ಮಪ್ಪ ತಪ್ಪು ಮಾಡಿದ್ದು ನಿಜಾನಾ?” ಎಂದ. ನಿಜ ಎಂದೆ. ಆದರೆ ಅಷ್ಟು ತಡವಾಗಿ ನೆಟ್ಟಗೆ ಬಂದಿದ್ದರೆ ಏಳು ಮೂರರವರೆಗೆ ಯಾರು ಕಾಯುತ್ತಿದ್ದರು ಎಂದೂ ಹೇಳಿದೆ. ಮನೆಗೆ ಬಂದು ಸಿದ್ದರಾಜುವಿಗೆ ಫೋನು ಮಾಡಿದೆ. ಆವತ್ತು ಹಾಲು ದಡ ಸೇರಿದ್ದು ಅವನ ಟ್ರಿಪ್ ಶೀಟಿನಲ್ಲಿ ಏಳು ಗಂಟೆ ಎಂದಿತ್ತು; ನನ್ನ ಪುಸ್ತಕದಲ್ಲಿ ಏಳು ಮೂರು. ಇಷ್ಟು ವರ್ಷ ನನ್ನನ್ನು ಕುಟುಕುತ್ತಿದ್ದದ್ದು ಅದೇ.

“ಏಳೇ ಸಾ. ವ್ಯಾನಿನ ಗಡಿಯಾರ ನೋಡೇ ಬರ್ದಿದ್ದು.”

“ಅದು ಓಡ್ತಿತ್ತೇನಪ್ಪ?”

“ಅದ ನೀವ್ ಆವತ್ತು ಕೇಳ್ನಿಲ್ವಲ್ಲ.”

ನಂಜಯ್ಯ ಈಗಿಲ್ಲ, ಪುಟ್ಟಾಚಾರಿಯವರೂ ಇಲ್ಲ. ಈಚೆ ದಡದಿಂದ ನೋಡಿದವರಲ್ಲಿ ಉಳಿದಿರುವುದು ಪಿರಿಯಾಪಟ್ಟಣದಲ್ಲಿ ಮಗಳ ಮನೆಯಲ್ಲಿರುವ ಸಿದ್ದರಾಜು, ಮತ್ತು ನಾನು. ಜಯಮ್ಮನವರು ಎಚ್.ಡಿ. ಕೋಟೆಯಲ್ಲಿದ್ದಾರೆ, ಚೆನ್ನಾಗಿದ್ದಾರೆ. ಅವರು ನೋಡಲಿಲ್ಲ, ಬೆನ್ನು ಮಾಡಿ ಕೂತಿದ್ದರು. ಅದಕ್ಕೇ ಇಷ್ಟು ದಿನ ಅವರನ್ನು ಸಾಕ್ಷಿಗಳಲ್ಲಿ ಸೇರಿಸುತ್ತಿರಲಿಲ್ಲ. ಓಡದ ಗಡಿಯಾರ ನೋಡಿ ಬರೆದವನು ಸಾಕ್ಷಿಯಾದರೆ ಬೆನ್ನು ಮಾಡಿ ಬಂದವರೂ ಸಾಕ್ಷಿಯೇ, ಈ ಸಲ ಸೇರಿಸಿದ್ದೇನೆ. ಮೂವರು.